ಎಂಜಿನ್ ಫ್ಯಾನ್ ಬಿಚ್ಚಿಟ್ಟರೆ ಪಿಕಪ್ ಜಾಸ್ತಿ ಆಗುತ್ತಾ? ನಾನು ಬಿಚ್ಚಿದ್ದೇನೆ, ಸಲಹೆ ಕೊಡಿ

ಹಳೇಡೀಸೆಲ್:
ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಡೀಸೆಲ್ ಗಾಡಿ. ಎಂಜಿನ್ ಉದ್ದಕ್ಕೆ ಕೂತಿದೆ, ಹಿಂದಿನ ಚಕ್ರಕ್ಕೆ ಡ್ರೈವ್. ರೇಡಿಯೇಟರ್ ಫ್ಯಾನ್ ಕರೆಂಟಿನದಲ್ಲ, ವಾಟರ್ ಪಂಪ್ ಮೇಲೆ ಕೂತು ಬೆಲ್ಟ್‌ನಿಂದ ತಿರುಗುವಂಥದ್ದು.

ಆರು ತಿಂಗಳಿಂದ ಗಾಡಿ ಯಾಕೋ ಭಾರ ಅನ್ನಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮುಂಭಾಗದಿಂದ ಹೋ ಅಂತ ಗಾಳಿ ಸದ್ದು, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಗೆಳೆಯನೊಬ್ಬ ಹೇಳಿದ, "ಆ ಫ್ಯಾನ್ ಎಂಜಿನ್ ಶಕ್ತಿಯನ್ನೇ ತಿನ್ನುತ್ತೆ, ತೆಗೆದುಬಿಡು, ಗಾಡಿ ಹಗುರ ಆಗುತ್ತೆ" ಅಂತ. ಕಳೆದ ಭಾನುವಾರ ನಾಲ್ಕು ನಟ್ ಬಿಚ್ಚಿ ಫ್ಯಾನ್ ಹೊರಗೆ ತೆಗೆದೆ. ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರ್ ಓಡಿಸಿ ನೋಡಿದೆ. ನಿಜವಾಗಿ ಹಗುರ ಆಗಿತ್ತು. ಮೂರನೇ ಗೇರ್‌ನಲ್ಲಿ ಎಳೆತ ಚೆನ್ನಾಗಿ ಗೊತ್ತಾಯಿತು. ಟೆಂಪರೇಚರ್ ಮುಳ್ಳು ಅರ್ಧದ ಕೆಳಗೇ ನಿಂತಿತ್ತು.

ಆದರೆ ಸೋಮವಾರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡೆ. ಹತ್ತು ನಿಮಿಷದಲ್ಲಿ ಮುಳ್ಳು ಮುಕ್ಕಾಲು ದಾಟಿತು. ಕ್ಯಾಬಿನ್ ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ, ಹೇಗೋ ಮನೆ ಸೇರಿದೆ. ನನ್ನ ಓಡಾಟ ಬಹುಪಾಲು ಹೆದ್ದಾರಿಯಲ್ಲೇ. ಹೀಗೇ ಬಿಟ್ಟರೆ ನಡೆಯುತ್ತಾ? ಅನುಭವ ಇದ್ದವರು ಹೇಳಿ.

ಸ್ಪ್ಯಾನರ್13:
ಹೀಟರ್ ಹಾಕಿದ್ದು ಒಳ್ಳೆ ಕೆಲಸ. ಅದೂ ಒಂದು ಸಣ್ಣ ರೇಡಿಯೇಟರೇ, ಒಂದಿಷ್ಟು ಬಿಸಿ ಹೊರಗೆ ಎಳೆಯುತ್ತದೆ. ಆದರೆ ದಯವಿಟ್ಟು ಫ್ಯಾನ್ ವಾಪಸ್ ಹಾಕುವ ತನಕ ಗಾಡಿ ಹೊರಗೆ ತೆಗೆಯಬೇಡಿ.

ಎಂಜಿನ್‌ನಲ್ಲಿ ಸುಡುವ ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಕೂಲೆಂಟ್‌ಗೆ, ಅಂದರೆ ಎಂಜಿನ್ ತಣ್ಣಗಿಡುವ ನೀರಿಗೆ, ಬರುತ್ತದೆ. ಅದನ್ನು ರೇಡಿಯೇಟರ್ ಗಾಳಿಗೆ ಬಿಟ್ಟುಕೊಡಬೇಕು. ಗಾಡಿ ಓಡುವಾಗ ಎದುರು ಗಾಳಿ ಆ ಕೆಲಸ ಮಾಡುತ್ತದೆ. ನಿಂತಾಗ ಎದುರು ಗಾಳಿ ಎಲ್ಲಿಂದ ಬರಬೇಕು? ವಾಟರ್ ಪಂಪ್ ಬಿಸಿ ನೀರನ್ನು ತಿರುಗಿಸುತ್ತಲೇ ಇರುತ್ತದೆ, ಅದು ತಣ್ಣಗಾಗದೆ ಹಾಗೇ ಎಂಜಿನ್‌ಗೆ ವಾಪಸ್ ಹೋಗುತ್ತದೆ. ನಿಮಗೆ ಟ್ರಾಫಿಕ್‌ನಲ್ಲಿ ಆಗಿದ್ದು ಇದೇ.

"ಹೆದ್ದಾರಿಯಲ್ಲೇ ಓಡಿಸುತ್ತೇನೆ" ಅನ್ನುವ ಮಾತು ನಂಬಿಕೊಳ್ಳುವಂಥದ್ದಲ್ಲ. ಹೆದ್ದಾರಿಯಲ್ಲೂ ಅಪಘಾತ ಆದರೆ ಒಂದು ಗಂಟೆ ನಿಲ್ಲಬೇಕಾಗುತ್ತದೆ. ಏರುದಾರಿಯಲ್ಲಿ ಲೋಡ್ ಲಾರಿ ಹಿಂದೆ ಎರಡನೇ ಗೇರ್‌ನಲ್ಲಿ ಹೋಗಬೇಕಾದರೆ ಇನ್ನೂ ಕಷ್ಟ. ವೇಗ ಕಡಿಮೆ, ಎಂಜಿನ್ ಮೇಲೆ ಹೊರೆ ಪೂರ್ತಿ. ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಇದ್ದ ಎದುರು ಗಾಳಿಯೂ ಹೋಯಿತು.

ಗೆರೆದಾಟು:
ರೇಸ್ ಓಡಿಸುವವರು ಫ್ಯಾನ್ ತೆಗೆಯುತ್ತಾರಲ್ಲ? ಡ್ರ್ಯಾಗ್ ರೇಸ್ ಗಾಡಿಗಳಲ್ಲಿ ನಾನೇ ನೋಡಿದ್ದೇನೆ. ಫಾರ್ಮುಲಾ ಒನ್ ಕಾರಿನಲ್ಲಿ ರೇಡಿಯೇಟರ್‌ಗೆ ಫ್ಯಾನ್ ಇಲ್ಲವೇ ಇಲ್ಲ. ಹಾಗಾದರೆ ಶಕ್ತಿ ಉಳಿಯುತ್ತೆ ಅನ್ನುವುದು ಸುಳ್ಳಲ್ಲ ಅಲ್ವಾ?

ಸ್ಪ್ಯಾನರ್13:
ಸುಳ್ಳಲ್ಲ. ಆದರೆ ಡ್ರ್ಯಾಗ್ ಓಟ ಅಂದರೆ 402 ಮೀಟರ್, ಹತ್ತು ಹದಿನೈದು ಸೆಕೆಂಡಿನ ಕೆಲಸ. ಮುಗಿದ ತಕ್ಷಣ ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಹೊರಗಿನಿಂದ ಗಾಳಿ ಹಾಕುತ್ತಾರೆ. ಫಾರ್ಮುಲಾ ಒನ್ ಕಾರು ನಿಂತಾಗ ಸಿಬ್ಬಂದಿ ಓಡಿ ಬಂದು ಗಾಳಿಕಿಂಡಿಗೆ ಬ್ಲೋವರ್ ಹಿಡಿಯುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಅವರಿಗೂ ಫ್ಯಾನ್ ಬೇಕು. ಅದು ಕಾರಿನ ಒಳಗಿಲ್ಲ, ಜನರ ಕೈಯಲ್ಲಿದೆ, ಅಷ್ಟೇ. ಸಿಗ್ನಲ್‌ನಲ್ಲಿ ನಿಮ್ಮ ಗಾಡಿಗೆ ಬ್ಲೋವರ್ ಹಿಡಿಯಲು ಯಾರೂ ಬರುವುದಿಲ್ಲ.

ಗೆರೆದಾಟು:
ಇದು ಒಪ್ಪುವ ಮಾತು. ಫ್ಯಾನ್ ವಿಷಯ ಬಂದಾಗ ಬ್ರಾಭಮ್ ಬಿಟಿ46ಬಿ ನೆನಪಾಗುತ್ತದೆ. 1978ರ ಸ್ವೀಡನ್ ಗ್ರ್ಯಾನ್ ಪ್ರಿಯಲ್ಲಿ ನಿಕಿ ಲೌಡಾ ಗೆದ್ದ ಕಾರು. ಹಿಂದೆ ಎಂಜಿನ್‌ನಿಂದಲೇ ತಿರುಗುವ ದೊಡ್ಡ ಫ್ಯಾನ್ ಇತ್ತು. ರೇಡಿಯೇಟರ್ ತಣ್ಣಗಿಡಲು ಅಂತ ತಂಡ ಹೇಳಿತು. ಅದೇ ಫ್ಯಾನ್ ಕಾರಿನ ಅಡಿಯ ಗಾಳಿಯನ್ನು ಎಳೆದು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿತ್ತು. ಆ ಒಂದು ರೇಸ್ ಆದ ಮೇಲೆ ಅದು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಓಡಲಿಲ್ಲ. ಎಂಜಿನ್ ಶಕ್ತಿ ಕೊಟ್ಟಾದರೂ ಫ್ಯಾನ್ ಇಟ್ಟುಕೊಂಡು ಗೆದ್ದವರಿದ್ದಾರೆ ಅಂತ ಹೇಳಬೇಕು ಅನ್ನಿಸಿತು. ಚರ್ಚೆ ಮುಂದುವರಿಯಲಿ.

ನಿಧಾನಗಾಮಿ:
ಹಳೇಡೀಸೆಲ್ ಅಣ್ಣ, ನನಗೆ ಆಗಿದ್ದನ್ನು ಹೇಳುತ್ತೇನೆ, ಓದಿ.

ನನ್ನದು ಸಣ್ಣ ಪೆಟ್ರೋಲ್ ಕಾರು, ಕರೆಂಟ್ ಫ್ಯಾನ್. ಮೋಟರ್ ಸುಟ್ಟುಹೋಗಿತ್ತು. ರಿಪೇರಿ ಮಾಡುವವರೊಬ್ಬರು "ಈಗ ಚಳಿ, ಫ್ಯಾನ್ ಇಲ್ಲದೆಯೂ ನಡೆಯುತ್ತೆ, ಗಾಡಿ ಇನ್ನೂ ಫ್ರೀಯಾಗಿ ಓಡುತ್ತೆ" ಅಂದರು. ಮೋಟರ್ ಬಿಚ್ಚಿ ಡಿಕ್ಕಿಯಲ್ಲಿಟ್ಟು ಕಳಿಸಿದರು. ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಏರುದಾರಿಯಲ್ಲಿ ಸಾಲುಗಟ್ಟಿ ನಿಂತ ವಾಹನಗಳ ಮಧ್ಯೆ ಸಿಕ್ಕಿದೆ. ಹತ್ತು ಅಡಿ ಮುಂದೆ, ನಿಲ್ಲು. ಮತ್ತೆ ಹತ್ತು ಅಡಿ.

ಮುಳ್ಳು ನಿಧಾನವಾಗಿ ಏರಿತು. ಕೆಂಪು ಗೆರೆ ಮುಟ್ಟಿತು. ಪಕ್ಕಕ್ಕೆ ಹಾಕಲು ಜಾಗ ಹುಡುಕುತ್ತಿದ್ದಾಗ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿಯಿತು. ಸದ್ಯ ತಣ್ಣಗಾಯಿತು ಅಂದುಕೊಂಡೆ. ಇನ್ನೂ ಒಂದು ಕಿಲೋಮೀಟರ್ ಓಡಿಸಿದೆ. ಎಂಜಿನ್‌ನಿಂದ ಟಕಟಕ ಸದ್ದು ಶುರುವಾಯಿತು, ಪಿಕಪ್ ಸತ್ತುಹೋಯಿತು, ತಾನಾಗಿಯೇ ಆಫ್ ಆಯಿತು.

ಆ ಮುಳ್ಳು ಇಳಿದಿದ್ದು ಎಂಜಿನ್ ತಣ್ಣಗಾಗಿದ್ದಕ್ಕಲ್ಲ. ಕೂಲೆಂಟ್ ಪೂರ್ತಿ ಕುದಿದು ಹೊರಗೆ ಹೋಗಿತ್ತು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ನೀರೇ ಇಲ್ಲದಾಗ ಅದಕ್ಕೆ ಏನು ಗೊತ್ತಾಗಬೇಕು? ಮರುದಿನ ಆಯಿಲ್ ಮುಚ್ಚಳ ತೆಗೆದು ನೋಡಿದೆ. ಒಳಬದಿಯಲ್ಲಿ ಕೆನೆ ಬಣ್ಣದ ಜಿಡ್ಡು ಮೆತ್ತಿಕೊಂಡಿತ್ತು. ಆಯಿಲ್‌ಗೆ ನೀರು ಬೆರೆತಿತ್ತು. ಎಂಜಿನ್ ಮೇಲ್ಭಾಗವಾದ ಹೆಡ್ ಬೆಂಡ್ ಆಗಿತ್ತು, ಅದರ ಕೆಳಗಿನ ಸೀಲ್ ಪಟ್ಟಿ, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿತ್ತು. ಒಂದು ಫ್ಯಾನ್ ಮೋಟರ್ ಕೆಲಸ ಇಡೀ ಎಂಜಿನ್ ಬಿಚ್ಚುವ ಕೆಲಸವಾಯಿತು.

ಆ ದಿನ ನನ್ನ ಜೊತೆ ಅಮ್ಮ ಇದ್ದರು. ಬಾನೆಟ್‌ನಿಂದ ಹಬೆ ಬರುತ್ತಿದ್ದಾಗ ದಾರಿಹೋಕರೊಬ್ಬರು ಸಹಾಯ ಮಾಡಲು ಬಂದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು. ಅಮ್ಮ ಕೂಗಿ ತಡೆದರು. ಇವತ್ತಿಗೂ ಅದನ್ನು ನೆನೆದರೆ ಎದೆ ಝಲ್ ಅನ್ನುತ್ತದೆ.

ಸ್ಪ್ಯಾನರ್13:
ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ ಅಕ್ಕ. ಅವರು ಒಬ್ಬರ ಮುಖ ಉಳಿಸಿದ್ದಾರೆ. ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿರುತ್ತದೆ. ಆ ಒತ್ತಡದಲ್ಲಿ ನೀರು 120 ಡಿಗ್ರಿ ಹತ್ತಿರ ಹೋದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗುತ್ತದೆ, ಒಳಗಿನದ್ದೆಲ್ಲ ಒಟ್ಟಿಗೆ ಕುದಿದು ಮೇಲೆ ಚಿಮ್ಮುತ್ತದೆ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವ ತನಕ ಮುಚ್ಚಳ ಮುಟ್ಟಲೇಬಾರದು.

ಹೆಡ್ ಯಾಕೆ ಬೆಂಡ್ ಆಗುತ್ತದೆ ಅಂತ ಗೊತ್ತಿಲ್ಲದವರಿಗೆ: ತುಂಬಾ ಎಂಜಿನ್‌ಗಳಲ್ಲಿ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಬೋಲ್ಟ್ ಬಿಗಿದು ಹಿಡಿದಿದ್ದರಿಂದ ಹಿಗ್ಗಲು ಜಾಗ ಇಲ್ಲ. ಆಗ ಹೆಡ್ ಬಾಗುತ್ತದೆ, ಮಧ್ಯದ ಗ್ಯಾಸ್ಕೆಟ್ ನಲುಗುತ್ತದೆ.

ಲೆಕ್ಕಪಕ್ಕಾ:
ಶಕ್ತಿಯ ವಿಷಯ ಬಂದಿದ್ದರಿಂದ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಕರೆಂಟ್ ಫ್ಯಾನ್. ಸಾಮಾನ್ಯ ಕಾರಿನ ಫ್ಯಾನ್ 20 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಎಂಜಿನ್ ಚಾಲೂ ಇದ್ದಾಗ 14 ವೋಲ್ಟ್. ಅಂದರೆ 280 ವಾಟ್. ಆಲ್ಟರ್ನೇಟರ್‌ನಲ್ಲಿ ಒಂದಿಷ್ಟು ವ್ಯರ್ಥ ಆಗುತ್ತದೆ, ಹಾಗಾಗಿ ಎಂಜಿನ್ ಕೊಡಬೇಕಾದ್ದು 500 ವಾಟ್ ಆಸುಪಾಸು. ಒಂದು ಎಚ್‌ಪಿ ಅಂದರೆ 746 ವಾಟ್. ಅಂದರೆ ಮುಕ್ಕಾಲು ಎಚ್‌ಪಿಯೂ ಇಲ್ಲ. ಅದೂ ಫ್ಯಾನ್ ಓಡುವಾಗ ಮಾತ್ರ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ, ಎಸಿ ಹಾಕಿರದಿದ್ದರೆ, ಅದು ಹೆಚ್ಚಾಗಿ ಸುಮ್ನೆ ನಿಂತಿರುತ್ತದೆ. ನಿಂತ ಫ್ಯಾನ್ ತೆಗೆದರೆ ಏನು ಸಿಗಬೇಕು? ಏನೂ ಇಲ್ಲ.

ಬೆಲ್ಟ್ ಫ್ಯಾನ್ ಕಥೆ ಬೇರೆ. ಫ್ಯಾನ್ ತಿರುಗಿಸಲು ಬೇಕಾದ ಶಕ್ತಿ ಅದರ ವೇಗದ ಜೊತೆ ನೇರವಾಗಿ ಏರುವುದಿಲ್ಲ, ವೇಗದ ಘನದಂತೆ ಏರುತ್ತದೆ. 1500 ಆರ್‌ಪಿಎಂನಲ್ಲಿ ಒಂದು ಎಚ್‌ಪಿ ತಿಂದರೆ 3000ಕ್ಕೆ ಎರಡು ಎರಡಲಿ ನಾಲ್ಕು, ನಾಲ್ಕು ಎರಡಲಿ ಎಂಟು ಎಚ್‌ಪಿ! ಹಳೆಯ ಡೀಸೆಲ್ ಎಂಜಿನ್‌ಗೆ ಎಂಟು ಎಚ್‌ಪಿ ಅಂದರೆ ಸಣ್ಣ ಮಾತಲ್ಲ. ಆದ್ದರಿಂದ ಹಳೇಡೀಸೆಲ್ ಅವರಿಗೆ ಗಾಡಿ ಹಗುರ ಅನ್ನಿಸಿದ್ದು ಬರೀ ಮನಸ್ಸಿನ ಭ್ರಮೆ ಅಂತ ನಾನು ಹೇಳುವುದಿಲ್ಲ.

ಆದರೆ ಇಲ್ಲೊಂದು ಪ್ರಶ್ನೆ ಇದೆ. ಗಾಡಿ ಮಾಡಿದವರಿಗೂ ಈ ಲೆಕ್ಕ ಗೊತ್ತು. ಅದಕ್ಕೇ ಅವರು ಮಧ್ಯೆ ಫ್ಯಾನ್ ಕ್ಲಚ್ ಇಟ್ಟಿರುತ್ತಾರೆ. ಕ್ಲಚ್ ಸರಿ ಇದ್ದರೆ, ಎಂಜಿನ್ ಎಷ್ಟೇ ಜೋರಾಗಿ ತಿರುಗಿದರೂ ತಣ್ಣಗಿರುವಾಗ ಫ್ಯಾನ್ ನಿಧಾನವಾಗೇ ತಿರುಗಬೇಕು. ಇವರ ಗಾಡಿಯಲ್ಲಿ ಅಷ್ಟು ವ್ಯತ್ಯಾಸ ಗೊತ್ತಾಗಿದ್ದು ಯಾಕೆ?

ಸ್ಪ್ಯಾನರ್13:
ನಾನೂ ಅಲ್ಲಿಗೇ ಬರುತ್ತಿದ್ದೆ. ಆ "ಹೋ" ಅನ್ನುವ ಸದ್ದು ಓದಿದಾಗಲೇ ಅನುಮಾನ ಬಂತು. ಹಳೇಡೀಸೆಲ್ ಅವರೇ, ಆ ಸದ್ದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಮಾತ್ರ ಇರುತ್ತಿತ್ತಾ, ಇಲ್ಲಾ ಯಾವಾಗಲೂ ಇತ್ತಾ?

ಹಳೇಡೀಸೆಲ್:
ಯಾವಾಗಲೂ. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಏರುತ್ತಿತ್ತು. ಲಾರಿ ಸದ್ದಿನ ಹಾಗೆ.

ಸ್ಪ್ಯಾನರ್13:
ಹಾಗಾದರೆ ನಿಮ್ಮ ಫ್ಯಾನ್ ಕ್ಲಚ್ ಜಾಮ್ ಆಗಿರಬೇಕು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಈ ಭಾಗವನ್ನು ಸರಿಯಾಗಿ ನೋಡಿಯೇ ಇರುವುದಿಲ್ಲ.

ಫ್ಯಾನ್ ನಡುವೆ ತಟ್ಟೆಯಷ್ಟು ಅಗಲದ, ಸುತ್ತಲೂ ಸಣ್ಣ ರೆಕ್ಕೆಗಳಿರುವ ಅಲ್ಯೂಮಿನಿಯಂ ಗುಂಡು ಇದೆಯಲ್ಲ, ಅದೇ ಕ್ಲಚ್. ವಿಸ್ಕಸ್ ಕಪ್ಲಿಂಗ್ ಅಂತಲೂ ಕರೆಯುತ್ತಾರೆ. ಒಳಗೆ ದಪ್ಪ ಸಿಲಿಕೋನ್ ಆಯಿಲ್ ಇರುತ್ತದೆ. ರೇಡಿಯೇಟರ್ ಕಡೆ ಮುಖ ಮಾಡಿರುವ ಬದಿಯಲ್ಲಿ ಗಡಿಯಾರದ ಸ್ಪ್ರಿಂಗ್ ಥರ ಸುತ್ತಿದ ಪಟ್ಟಿ ಕಾಣುತ್ತದೆ. ಅದು ಎರಡು ಲೋಹ ಅಂಟಿಸಿ ಮಾಡಿದ ಪಟ್ಟಿ, ಬಿಸಿ ತಾಗಿದರೆ ತಿರುಚುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಪಟ್ಟಿ ತಿರುಚಿ ಒಳಗಿನ ಸಣ್ಣ ಬಾಗಿಲು ತೆರೆಯುತ್ತದೆ. ಆಯಿಲ್ ಹರಿದು ಬಂದು ಎರಡು ತಟ್ಟೆಗಳ ನಡುವೆ ತುಂಬಿಕೊಳ್ಳುತ್ತದೆ, ಫ್ಯಾನ್ ಗಟ್ಟಿಯಾಗಿ ಹಿಡಿದು ಜೋರಾಗಿ ತಿರುಗುತ್ತದೆ. ಗಾಳಿ ತಣ್ಣಗಾದರೆ ಬಾಗಿಲು ಮುಚ್ಚಿ, ಆಯಿಲ್ ಹಿಂದಕ್ಕೆ ಹೋಗಿ, ಫ್ಯಾನ್ ಸಡಿಲ ಆಗುತ್ತದೆ.

ಹಳತಾದಾಗ ಇದು ಎರಡು ಥರ ಕೆಡುತ್ತದೆ. ಆಯಿಲ್ ಸೋರಿಹೋದರೆ ಫ್ಯಾನ್ ಹಿಡಿಯುವುದೇ ಇಲ್ಲ, ಟ್ರಾಫಿಕ್‌ನಲ್ಲಿ ಬಿಸಿ ಏರುತ್ತದೆ. ಒಳಗೆ ಜಾಮ್ ಆದರೆ ಫ್ಯಾನ್ ಬಿಡುವುದೇ ಇಲ್ಲ. ಎಂಜಿನ್ ಜೊತೆ ಹೊತ್ತೂ ಗೊತ್ತೂ ಇಲ್ಲದೆ ತಿರುಗುತ್ತದೆ. ಸದ್ದು, ಎಳೆತ ಕಡಿಮೆ, ಮೈಲೇಜ್ ಕಡಿಮೆ.

ಬಿಚ್ಚಿಟ್ಟ ಫ್ಯಾನ್ ನಿಮ್ಮ ಹತ್ತಿರವೇ ಇದೆ. ಕ್ಲಚ್ ಹಿಂದಿನ ಫ್ಲೇಂಜ್ (ನಟ್ ಕೂರುವ ಚಪ್ಪಟೆ ಬಿಲ್ಲೆ) ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಫ್ಯಾನ್ ತಿರುಗಿಸಿ. ಗಟ್ಟಿ ಎಣ್ಣೆಯಲ್ಲಿ ಕೈ ಆಡಿಸಿದ ಹಾಗೆ ನಯವಾದ ತಡೆ ಸಿಕ್ಕರೆ ಒಳ್ಳೆಯದು. ಗರಗರ ತಿರುಗುತ್ತಲೇ ಇದ್ದರೆ ಆಯಿಲ್ ಹೋಗಿದೆ. ತಿರುಗಲೇ ಇಲ್ಲ ಅಂದರೆ ಜಾಮ್. ಹಿಂದೆ ಮುಂದೆ ಅಲ್ಲಾಡಿಸಿಯೂ ನೋಡಿ, ಬೇರಿಂಗ್ ಆಟ ಗೊತ್ತಾಗುತ್ತದೆ.

ಇನ್ನೊಂದು ಮಾತು. ಕೆಲವು ಗಾಡಿಗಳಲ್ಲಿ ಫ್ಯಾನ್ ಹಿಡಿದಿರುವ ಅದೇ ನಾಲ್ಕು ನಟ್ ಪುಲ್ಲಿಯನ್ನೂ ಹಿಡಿದಿರುತ್ತವೆ. ಫ್ಯಾನ್ ತೆಗೆದ ಮೇಲೆ ನಟ್ ಪೂರ್ತಿ ಕೂತಿದೆಯಾ ನೋಡಿದ್ದೀರಾ? ಪುಲ್ಲಿ ಸಡಿಲ ಆದರೆ ಬೆಲ್ಟ್ ಹಾರುತ್ತದೆ, ವಾಟರ್ ಪಂಪ್ ನಿಲ್ಲುತ್ತದೆ.

ಬಿಳಿಕಾರು:
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಹೊಸ ಪೆಟ್ರೋಲ್ ಕಾರು, ಕರೆಂಟ್ ಫ್ಯಾನ್. ಓವರ್‌ಟೇಕ್ ಮಾಡುವಾಗ ಮಾತ್ರ ಫ್ಯಾನ್ ಆಫ್ ಆಗುವ ಹಾಗೆ ಸ್ವಿಚ್ ಹಾಕಿಸಿದರೆ?

ಲೆಕ್ಕಪಕ್ಕಾ:
ಓವರ್‌ಟೇಕ್ ಮಾಡುವ ವೇಗದಲ್ಲಿ ಅದು ಬಹುಪಾಲು ಆಫ್ ಇರುತ್ತದೆ. ನೀವು ಸ್ವಿಚ್ ಹಾಕಿಸಿ ವಾಪಸ್ ಆನ್ ಮಾಡಲು ಮರೆಯುವುದೇ ದೊಡ್ಡ ಅಪಾಯ. ಮೇಲಾಗಿ ಹೊಸ ಕಾರಿನಲ್ಲಿ ಎಲ್ಲವೂ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್ ಕೈಯಲ್ಲಿದೆ. ಕೂಲೆಂಟ್ ಬಿಸಿ ಏರಿದರೆ ಅದು ಮೊದಲು ಎಸಿ ಕಂಪ್ರೆಸರ್ ಆಫ್ ಮಾಡುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ನಾಕಿಂಗ್ (ಇಂಧನ ತಾನಾಗಿ ಸಿಡಿದು ಬಡಿಯುವುದು) ತಡೆಯಲು ಸ್ಪಾರ್ಕ್ ತಡವಾಗಿ ಕೊಡುತ್ತದೆ, ಆಗ ಶಕ್ತಿಯೇ ಕಡಿಮೆ ಆಗುತ್ತದೆ. ಪಿಕಪ್‌ಗೋಸ್ಕರ ಫ್ಯಾನ್ ನಿಲ್ಲಿಸಿದರೆ ಬಿಸಿ ಎಂಜಿನ್ ಆ ಪಿಕಪ್ ವಾಪಸ್ ಕಿತ್ತುಕೊಳ್ಳುತ್ತದೆ.

ನಿಧಾನಗಾಮಿ:
ಎಸಿ ವಿಷಯ ನಾನೂ ಹೇಳಬೇಕಿತ್ತು. ಫ್ಯಾನ್ ಇಲ್ಲದ ಆ ಎರಡು ವಾರ ಸಿಗ್ನಲ್‌ನಲ್ಲಿ ನಿಂತರೆ ಎಸಿಯಿಂದ ಬೆಚ್ಚಗಿನ ಗಾಳಿ ಬರುತ್ತಿತ್ತು. ಗಾಡಿ ಹೊರಟರೆ ಮತ್ತೆ ತಣ್ಣಗೆ. ರೇಡಿಯೇಟರ್ ಮುಂದೆ ಇರುವ, ಎಸಿಯ ಬಿಸಿ ಹೊರಗೆ ಬಿಡುವ ಕಂಡೆನ್ಸರ್‌ಗೂ ಅದೇ ಫ್ಯಾನ್ ಗಾಳಿ ಬೇಕು ಅಂತ ನನಗೆ ಆಗ ಗೊತ್ತಿರಲಿಲ್ಲ.

ಗುರುತಿಲ್ಲದವನು:
ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಬಾಗಿಲು) ತೆಗೆದುಬಿಟ್ಟರೆ ಫ್ಯಾನ್ ಇಲ್ಲದೆಯೂ ತಣ್ಣಗಿರುತ್ತೆ ಅಂತ ಕೇಳಿದ್ದೇನೆ.

ಸ್ಪ್ಯಾನರ್13:
ಬೇಡ. ಥರ್ಮೋಸ್ಟಾಟ್ ಸಾಮಾನ್ಯವಾಗಿ 80ರಿಂದ 90 ಡಿಗ್ರಿ ನಡುವೆ ತೆರೆಯುತ್ತದೆ. ತೆರೆದ ಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ. ನಿಂತ ಗಾಡಿಯ ರೇಡಿಯೇಟರ್‌ಗೆ ಅದು ಗಾಳಿ ತರುವುದಿಲ್ಲ. ತೆಗೆದರೆ ಬೆಳಿಗ್ಗೆ ಎಂಜಿನ್ ಬಿಸಿಯಾಗಲು ಜಾಸ್ತಿ ಹೊತ್ತು ಬೇಕು, ಅಷ್ಟು ಹೊತ್ತೂ ಇಂಧನ ಜಾಸ್ತಿ, ಸವೆತ ಜಾಸ್ತಿ.

ತಂತಿಗಾರ:
ಬೆಲ್ಟ್ ಫ್ಯಾನ್ ಬದಲು ಕರೆಂಟ್ ಫ್ಯಾನ್ ಹಾಕುವ ದಾರಿಯೂ ಇದೆ. ನಾನು ನನ್ನ ಗಾಡಿಗೆ ಮಾಡಿಕೊಂಡಿದ್ದೇನೆ, ಮೂರು ವರ್ಷವಾಯಿತು. ಆದರೆ ಬರೀ ಒಂದು ಫ್ಯಾನ್ ತಂದು ಕಟ್ಟಿದರೆ ಆಗುವುದಿಲ್ಲ. ಬೆಲ್ಟ್ ಫ್ಯಾನ್ ಎಳೆಯುವ ಗಾಳಿಗೆ ಸಮ ಬರಬೇಕಾದರೆ ದೊಡ್ಡದೇ ಬೇಕು. ರೇಡಿಯೇಟರ್ ಹಿಂದೆ, ಎಂಜಿನ್ ಕಡೆ ಕೂರಿಸಿ. ಮುಂದೆ ಕೂರಿಸಿದರೆ ಅದೇ ಎದುರು ಗಾಳಿಗೆ ಅಡ್ಡ ಆಗುತ್ತದೆ. ಫ್ಯಾನ್ ಸುತ್ತ ಇಡೀ ರೇಡಿಯೇಟರ್ ಮುಚ್ಚುವ ಕವಚ, ಅಂದರೆ ಶ್ರೌಡ್, ಬೇಕೇ ಬೇಕು. ಅದಿಲ್ಲದಿದ್ದರೆ ಫ್ಯಾನ್ ಎದುರಿನ ದುಂಡು ಜಾಗದಿಂದ ಮಾತ್ರ ಗಾಳಿ ಬರುತ್ತದೆ, ಮೂಲೆಗಳೆಲ್ಲ ಕೆಲಸಕ್ಕಿಲ್ಲ. ದಪ್ಪ ವೈರ್, ರಿಲೇ, ಫ್ಯೂಸ್, ತಾನಾಗಿ ಆನ್ ಆಗುವ ಟೆಂಪರೇಚರ್ ಸ್ವಿಚ್ ಇವೆಲ್ಲ ಸೇರಿಸಿ. ಆಲ್ಟರ್ನೇಟರ್ ಅಷ್ಟು ಹೊರೆ ತಡೆಯುತ್ತಾ ನೋಡಿ.

ಮೊದಲ ದಿನ ನಾನು ಮೋಟರ್ ವೈರ್ ಅದಲು ಬದಲು ಹಾಕಿದ್ದೆ. ಫ್ಯಾನ್ ತಿರುಗುತ್ತಿತ್ತು, ಸದ್ದೂ ಬರುತ್ತಿತ್ತು, ಬಿಸಿ ಮಾತ್ರ ಇಳಿಯುತ್ತಿರಲಿಲ್ಲ. ರೇಡಿಯೇಟರ್ ಮುಂದೆ ಕಾಗದದ ಹಾಳೆ ಹಿಡಿದೆ. ಅಂಟಿಕೊಳ್ಳುವ ಬದಲು ಹಾರಿಹೋಯಿತು. ಫ್ಯಾನ್ ಗಾಳಿಯನ್ನು ಹಿಂದುಮುಂದಾಗಿ ತಳ್ಳುತ್ತಿತ್ತು. ಹೊಸದಾಗಿ ಹಾಕುವವರು ಈ ಹಾಳೆ ಪರೀಕ್ಷೆ ಮಾಡಿಕೊಳ್ಳಿ.

ಕೆಸರುದಾರಿ:
ಫ್ಯಾನ್ ನಿಲ್ಲಿಸಬೇಕಾದ ಒಂದು ಸಂದರ್ಭ ನನಗೆ ಗೊತ್ತು. ಆಳದ ನೀರು ದಾಟುವಾಗ. ಜೋರಾಗಿ ತಿರುಗುವ ಬ್ಲೇಡ್ ನೀರಿಗೆ ಸಿಕ್ಕರೆ ಮುಂದಕ್ಕೆ ಬಾಗಿ ರೇಡಿಯೇಟರ್ ಕೊರೆದುಬಿಡುತ್ತದೆ. ಹಳೆಯ ಜೀಪ್‌ಗಳಲ್ಲಿ ಬೆಲ್ಟ್ ಸಡಿಲ ಮಾಡಿ ದಾಟಿ, ಆಚೆ ದಡದಲ್ಲಿ ಮತ್ತೆ ಬಿಗಿಯುವವರಿದ್ದಾರೆ. ಐದು ನಿಮಿಷದ ಮಾತು ಅದು.

ಹಳೇಡೀಸೆಲ್:
ಎಲ್ಲರ ಉತ್ತರ ಓದಿದೆ. ಈಗಷ್ಟೇ ಶೆಡ್‌ನಿಂದ ಬಂದೆ.

ಫ್ಲೇಂಜ್ ಎಡಗೈಯಲ್ಲಿ ಹಿಡಿದು ಫ್ಯಾನ್ ತಿರುಗಿಸಲು ನೋಡಿದೆ. ಅಲ್ಲಾಡಲಿಲ್ಲ. ಫ್ಲೇಂಜನ್ನು ವೈಸ್‌ಗೆ ಕಚ್ಚಿಸಿ ಎರಡೂ ಕೈಯಿಂದ ಬ್ಲೇಡ್ ಬುಡ ಹಿಡಿದು ಎಳೆದೆ. ಆಗಲೂ ಇಲ್ಲ. ಒಂದೇ ಎರಕದ ತುಂಡಿನ ಹಾಗಿತ್ತು. ಆ ಸುರುಳಿ ಪಟ್ಟಿ ಎಣ್ಣೆ, ಧೂಳು ಸೇರಿ ಕಪ್ಪು ಕಟ್ಟಿತ್ತು. ಪುಲ್ಲಿ ನಟ್ ಬಗ್ಗೆ ಹೇಳಿದ್ದಿರಿ, ಹೋಗಿ ನೋಡಿದೆ. ನಾಲ್ಕರಲ್ಲಿ ಎರಡು ಬೆರಳಲ್ಲೇ ತಿರುಗಿದವು. ಫ್ಯಾನ್ ಫ್ಲೇಂಜ್ ದಪ್ಪ ಹೋಗಿದ್ದರಿಂದ ನಟ್ ಕೊನೆಯ ತನಕ ಕೂರುತ್ತಿರಲಿಲ್ಲ. ನೋಡಿ ಕೈ ನಡುಗಿತು. ನಾಳೆ ಹೆದ್ದಾರಿಗೆ ಹೋಗುವವನಿದ್ದೆ.

ಇನ್ನೊಂದು ಸಿಕ್ಕಿತು. ಟಾರ್ಚ್ ಹಾಕಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ನೋಡಿದೆ. ಒಣಹುಲ್ಲು, ಚಿಟ್ಟೆ ರೆಕ್ಕೆ, ಧೂಳು ಸೇರಿ ಕಂಬಳಿ ಥರ ಕೂತಿತ್ತು.

ಸ್ಪ್ಯಾನರ್13:
ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಫ್ಯಾನ್ ನಿಜವಾಗಿಯೂ ಶಕ್ತಿ ತಿನ್ನುತ್ತಿತ್ತು. ಕ್ಲಚ್ ಬದಲಾಯಿಸಿ, ಬ್ಲೇಡ್ ಅದೇ ಇರಲಿ. ಆದರೆ ಪ್ರತಿ ಬ್ಲೇಡ್ ಬುಡದಲ್ಲಿ ಬಿರುಕು ಇದೆಯಾ ನೋಡಿ. ಬಿರುಕು ಬಿಟ್ಟ ಬ್ಲೇಡ್ 3000 ಆರ್‌ಪಿಎಂನಲ್ಲಿ ಮುರಿದರೆ ಬಾನೆಟ್ ಕೂಡ ತಡೆಯುವುದಿಲ್ಲ. ರೇಡಿಯೇಟರ್‌ಗೆ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ಪ್ರೆಶರ್ ವಾಷರ್ ಹತ್ತಿರ ಹಿಡಿಯಬೇಡಿ, ಫಿನ್ ಮಡಚಿಕೊಳ್ಳುತ್ತವೆ.

ಹಳೇಡೀಸೆಲ್:
ಹನ್ನೊಂದು ದಿನವಾದ ಮೇಲೆ ಬರೆಯುತ್ತಿದ್ದೇನೆ. ಹೊಸ ಕ್ಲಚ್ ಬಂತು, ಕೂರಿಸಿದೆ. ಬ್ಲೇಡ್ ಚೆನ್ನಾಗಿವೆ, ಬಿರುಕಿಲ್ಲ. ಶ್ರೌಡ್‌ನ ಕೆಳಗಿನ ಒಂದು ಕ್ಲಿಪ್ ಮುರಿದಿತ್ತು, ಅದನ್ನೂ ಹಾಕಿದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಅದೇ "ಹೋ" ಸದ್ದು ಬಂತು. ಎದೆ ಧಸಕ್ ಅಂತು. ಆಮೇಲೆ ಮೆಲ್ಲಗೆ ಇಳಿದು ನಿಂತೇಹೋಯಿತು. ಹೆದ್ದಾರಿಯಲ್ಲಿ ಎಳೆತ, ಫ್ಯಾನ್ ಬಿಚ್ಚಿದ ದಿನ ಇತ್ತಲ್ಲ, ಹೆಚ್ಚುಕಡಿಮೆ ಹಾಗೇ ಇದೆ. ದಾರಿಯಲ್ಲಿನ ಏರನ್ನು ಗಾಡಿ ಮೂರನೇ ಗೇರ್‌ನಲ್ಲೇ ಹತ್ತಿತು. ನಿನ್ನೆ ಬೇಕೆಂತಲೇ ಟ್ರಾಫಿಕ್ ಇರುವ ಹೊತ್ತಿಗೆ ಎಸಿ ಹಾಕಿಕೊಂಡು ಹೋದೆ. ಇಪ್ಪತ್ತೈದು ನಿಮಿಷ ನಿಂತು ನಿಂತು ಹೋದರೂ ಮುಳ್ಳು ಅರ್ಧ ದಾಟಲಿಲ್ಲ. ನಡುವೆ ಒಮ್ಮೆ ಫ್ಯಾನ್ ಹಿಡಿದ ಸದ್ದು ಕೇಳಿತು, ಎರಡು ನಿಮಿಷಕ್ಕೆ ಬಿಟ್ಟಿತು. ಆ ಸದ್ದು ಕೇಳಿ ಇಷ್ಟು ಖುಷಿ ಆಗುತ್ತೆ ಅಂತ ಅಂದುಕೊಂಡಿರಲಿಲ್ಲ.

ಬೆಳಗಿನ ಆ ಒಂದು ನಿಮಿಷದ ಸದ್ದು ತೊಂದರೆ ಅಲ್ಲ ತಾನೇ?

ಸ್ಪ್ಯಾನರ್13:
ಅಲ್ಲ. ರಾತ್ರಿ ಗಾಡಿ ನಿಂತಾಗ ಸಿಲಿಕೋನ್ ಆಯಿಲ್ ಇಳಿದು ತಟ್ಟೆಗಳ ನಡುವೆ ಕೂತಿರುತ್ತದೆ. ಎಂಜಿನ್ ತಿರುಗಿದ ಮೇಲೆ ಅದು ತನ್ನ ಜಾಗಕ್ಕೆ ಹೋಗಲು ಅಷ್ಟು ಹೊತ್ತು ಬೇಕು.

ತಂತಿಗಾರ:
ಚೆನ್ನಾಗಾಯಿತು. ಮುಂದೆ ಯಾವಾಗಲಾದರೂ ಕ್ಲಚ್ ಬಿಚ್ಚಿದರೆ ಅಡ್ಡ ಮಲಗಿಸಿ ಇಡಬೇಡಿ, ಆಯಿಲ್ ಸೋರುತ್ತದೆ. ಗಾಡಿಯಲ್ಲಿ ಹೇಗೆ ನಿಂತಿರುತ್ತದೋ ಹಾಗೇ ಗೋಡೆಗೆ ಒರಗಿಸಿ ನಿಲ್ಲಿಸಿ.

ಹಳೇಡೀಸೆಲ್:
ಗೊತ್ತಾಯಿತು. ಗೆಳೆಯನ ಗಾಡಿಯಲ್ಲೂ ಫ್ಯಾನ್ ಬಿಚ್ಚಿಯೇ ಇದೆ. ಭಾನುವಾರ ಅವನನ್ನು ಶೆಡ್‌ಗೆ ಕರೆದಿದ್ದೇನೆ, ಇಬ್ಬರೂ ಸೇರಿ ವಾಪಸ್ ಹಾಕುತ್ತೇವೆ.